ಮೀಟರ್ ದಾಟಿದ ಮೇಲೆ ನೀರೂ ನಿಮ್ಮದು, ಸೋರಿಕೆಯೂ ನಿಮ್ಮದು!

ಮೈಸೂರು: ಬೀದಿಯ ಪೈಪು ಒಡೆದರೆ ಬಡಾವಣೆಯೇ ಎದ್ದು ನಿಲ್ಲುತ್ತದೆ. ಕಾರ್ಪೊರೇಟರಿಗೆ ಫೋನು, ನೀರಿನ ಆಫೀಸಿಗೆ ಫೋನು, ಪತ್ರಿಕೆಗೆ ಫೋಟೋ. ಎರಡು ದಿನದಲ್ಲಿ ರಿಪೇರಿ ಆಗದಿದ್ದರೆ ಬಸ್ ಸ್ಟಾಪಿನಲ್ಲಿ ನಿಂತವರೆಲ್ಲ ಸೇರಿ ಪಾಲಿಕೆಯ ಜನ್ಮ ಜಾಲಾಡುತ್ತಾರೆ. ಜಾಲಾಡಲಿ, ಅದೇನೂ ತಪ್ಪಲ್ಲ. ಆದರೆ ಹಾಗೆ ಜಾಲಾಡಿ ಮನೆಗೆ ಹೋದ ಮಹಾಶಯರ ಹಿತ್ತಲಿನ ನಲ್ಲಿ ಮೂರು ತಿಂಗಳಿಂದ ತೊಟ್ಟಿಕ್ಕುತ್ತಿರುತ್ತದೆ. ಅದಕ್ಕೊಂದು ಹಳೇ ಬಟ್ಟೆ ಸುತ್ತಿ, ಕೆಳಗೊಂದು ಬಕೆಟ್ ಇಟ್ಟು, "ಗಿಡಕ್ಕೆ ಆಗುತ್ತೆ ಬಿಡಿ" ಅಂತ ಸಮಾಧಾನ!

ಬೀದಿಯ ಸೋರಿಕೆ ಸರ್ಕಾರದ್ದು, ಮನೆಯೊಳಗಿನ ಸೋರಿಕೆ ಯಾರದ್ದೂ ಅಲ್ಲ ಎಂಬುದು ನಮ್ಮೂರಿನ ಅಲಿಖಿತ ಕಾನೂನು. ಲಿಖಿತ ಕಾನೂನು ಬೇರೆ ಇದೆ. ಮೀಟರಿನಿಂದ ಒಳಗೆ ಹರಿದ ಪ್ರತಿ ಹನಿಯೂ ಯಜಮಾನರ ಬಿಲ್ಲಿಗೆ ಸೇರುತ್ತದೆ. ಅದು ಹೊಟ್ಟೆಗೆ ಹೋಯಿತೋ, ಗೋಡೆಗೆ ಹೋಯಿತೋ ಎಂದು ಮೀಟರು ಕೇಳುವುದಿಲ್ಲ.

ಸೆಕೆಂಡಿಗೊಂದು ಹನಿ ಬೀಳುವ ನಲ್ಲಿಯನ್ನೇ ತೆಗೆದುಕೊಳ್ಳಿ. ದಿನಕ್ಕೆ 86,400 ಹನಿ. ಒಂದು ಹನಿ ಕಾಲು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ 21 ಲೀಟರಿಗೂ ಮೇಲು, ವರ್ಷಕ್ಕೆ ಸುಮಾರು 7,900 ಲೀಟರು. ಟ್ಯಾಂಕರು ಕರೆಸಿ ಕಾಸು ಕೊಟ್ಟವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ನಗರದ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರು ಸಾಕು ಎಂದು ಸರ್ಕಾರದ ಲೆಕ್ಕ. ಅಂದರೆ ಒಂದು ವಾರ ತೊಟ್ಟಿಕ್ಕಿದ ನಲ್ಲಿ ಒಬ್ಬ ಆಸಾಮಿಯ ಒಂದು ದಿನದ ನೀರನ್ನು ಪೂರ್ತಿ ಕುಡಿದು ಕೂತಿರುತ್ತದೆ. ಬೆಳಗೊಳ, ಹೊಂಗಳ್ಳಿ, ಮೇಳಾಪುರಗಳಲ್ಲಿ ಮೋಟಾರು ಹಚ್ಚಿ ಎತ್ತಿ, ಶುದ್ಧ ಮಾಡಿ, ಮೈಲಿಗಟ್ಟಲೆ ತಳ್ಳಿಕೊಂಡು ಬಂದ ಕಾವೇರಿ ಕೊನೆಗೆ ಸೇರುವುದು ಹಿತ್ತಲಿನ ಪಾಚಿಗೆ.

ಇಷ್ಟಾದರೂ ಕಣ್ಣಿಗೆ ಕಾಣುವ ಹನಿ ಪುಣ್ಯಾತ್ಮ. ಮನೆ ಹಾಳು ಮಾಡುವುದು ಕಾಣದ ಹನಿ.

ನಲವತ್ತು ದಾಟಿದ ಮನೆಗಳು

ಸಿ.ಐ.ಟಿ.ಬಿ. ಸೈಟು ಸಿಕ್ಕಿತು ಎಂದು ಸಾಲ ಸೋಲ ಮಾಡಿ 1970, 80ರ ದಶಕಗಳಲ್ಲಿ ಕುವೆಂಪುನಗರ, ಸರಸ್ವತಿಪುರಂ ಕಡೆ ಮನೆ ಕಟ್ಟಿದವರು ಬಹಳ ಮಂದಿ. ಆಗ ಪ್ಲಾಸ್ಟಿಕ್ ಪೈಪನ್ನು ನಂಬುವವರಿರಲಿಲ್ಲ. ಎಲ್ಲರ ಮನೆಗೂ ಜಿ.ಐ. ಪೈಪು, ಅಂದರೆ ಸತುವಿನ ಲೇಪ ಕೊಟ್ಟ ಕಬ್ಬಿಣ. ಗೋಡೆ ಕೊರೆದು, ಪೈಪು ಹೂತು, ಮೇಲೆ ಗಾರೆ ಮೆತ್ತಿ, ಸುಣ್ಣ ಹೊಡೆದರೆ ಮುಗಿಯಿತು. "ನಮ್ಮ ಕಾಲ ಕಳೆಯುತ್ತೆ" ಎಂದರು ಯಜಮಾನರು. ಅವರ ಕಾಲ ಕಳೆಯಿತು. ಪೈಪಿನ ಕಾಲವೂ ಕಳೆದಿದೆ, ಮಕ್ಕಳಿಗೆ ಅದು ಗೊತ್ತಿಲ್ಲ, ಅಷ್ಟೆ.

ಜಿ.ಐ. ಪೈಪಿನಲ್ಲಿ ಮೂರು ಜಾತಿ. ಹಳದಿ ಪಟ್ಟೆಯದ್ದು ತೆಳು, ನೀಲಿ ಪಟ್ಟೆಯದ್ದು ಮಧ್ಯಮ, ಕೆಂಪು ಪಟ್ಟೆಯದ್ದು ದಪ್ಪ. ಕಂಟ್ರಾಕ್ಟರ್ ನೀಲಿಯ ದುಡ್ಡು ತೆಗೆದುಕೊಂಡು ಹಳದಿ ಹಾಕಿದ್ದರೆ ಅದು ಈಗ ಹೊರಗೆ ಬರುತ್ತದೆ. ಮೊದಲು ತುಕ್ಕು ಹಿಡಿಯುವುದು ಜಾಯಿಂಟಿನಲ್ಲಿ. ಮರೆ ಕೊಯ್ಯುವಾಗ ಸತುವಿನ ಲೇಪವೂ ಹೋಗುತ್ತದೆ, ಕಬ್ಬಿಣವೂ ಅಲ್ಲಿ ತೆಳುವಾಗುತ್ತದೆ. ಅದರ ಮೇಲೆ ಸಣಬು, ಸಫೇದ ಸುತ್ತಿ ಬಿಗಿ ಮಾಡಿದ್ದು ದಶಕಗಳಾದ ಮೇಲೆ ಪುಡಿಯಾಗುತ್ತದೆ.

ಪೈಪು ಸಾಯುವ ಮುಂಚೆ ಸೂಚನೆ ಕೊಡದೆ ಇರುವುದಿಲ್ಲ. ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದಾಗ ಮೊದಲ ಚೊಂಬು ಕೆಂಪಗೆ ಬರುತ್ತದೆ, ಆಮೇಲೆ ತಿಳಿಯಾಗುತ್ತದೆ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರು ತುಕ್ಕನ್ನು ಕರಗಿಸಿಕೊಂಡು ಬಂದಿರುತ್ತದೆ. ಅಡಿಗೆ ಮನೆ ನಲ್ಲಿಯಲ್ಲಿ ಧಾರೆ ಜೋರು, ಬಚ್ಚಲಲ್ಲಿ ದಾರದಂತೆ ಸಣ್ಣಗೆ ಬಂದರೆ ಆ ಕಡೆ ಹೋದ ಪೈಪಿನ ಒಳಬಾಯಿ ತುಕ್ಕು ಕಟ್ಟಿ ಮುಚ್ಚುತ್ತಿದೆ ಎಂದು ಅರ್ಥ. ಇಂಥ ಪೈಪು ತುಂಡು ಮಾಡಿ ನೋಡಿದರೆ ಒಳಗೆ ಪೆನ್ಸಿಲ್ ಹೋಗುವಷ್ಟೂ ಜಾಗ ಇರುವುದಿಲ್ಲ. ಗೋಡೆಯ ಬುಡದಲ್ಲಿ ಉಪ್ಪು ಉಕ್ಕಿದ ಹಾಗೆ ಬಿಳಿ ಪುಡಿ, ಉಬ್ಬಿದ ಬಣ್ಣ, ಬೇಸಿಗೆಯಲ್ಲೂ ಒಣಗದ ತೇವ ಇವೆಲ್ಲಾ ಅದೇ ಕಾಗದದ ಒಕ್ಕಣೆ. ಮಳೆಗಾಲದಲ್ಲಿ ಮಾತ್ರ ಬರುವ ತೇವವಾದರೆ ಛಾವಣಿ ನೋಡಿಸಿ. ಹನ್ನೆರಡು ತಿಂಗಳೂ ಇದ್ದರೆ ಪೈಪಿನ ಮೇಲೆ ಗುಮಾನಿ ಪಡಿ. ಇಷ್ಟು ಸಣ್ಣ ವಿಚಾರ ತಿಳಿಯದೆ ವರ್ಷಕ್ಕೊಂದು ಸಲ ಬಣ್ಣ ಬಳಿಸಿದವರು ಎಷ್ಟೋ ಜನ. ಬಣ್ಣದ ಅಂಗಡಿಯವರು ಉದ್ಧಾರವಾದರು, ಗೋಡೆ ಆಗಲಿಲ್ಲ.

ರಾತ್ರಿ ಪರೀಕ್ಷೆ

ಸೋರಿಕೆ ಇದೆಯೋ ಇಲ್ಲವೋ ತಿಳಿಯಲು ಎಂಜಿನಿಯರನ್ನು ಕರೆಸಬೇಕಿಲ್ಲ. ಕಾಗದ, ಪೆನ್ಸಿಲು, ಒಂದು ಸೀಮೆಸುಣ್ಣದ ತುಂಡು ಇದ್ದರೆ ಸಾಕು.

ಮೊದಲು ಮೀಟರು. ಬೀದಿಯಲ್ಲಿ ನೀರು ಬರುತ್ತಿರುವ ಹೊತ್ತಿನಲ್ಲೇ ಇದನ್ನು ಮಾಡಬೇಕು, ನೀರಿಲ್ಲದಾಗ ಮಾಡಿದರೆ ಮುಳ್ಳು ಹೇಗೂ ತಿರುಗುವುದಿಲ್ಲ, ಸುಳ್ಳು ಸಮಾಧಾನವಾಗುತ್ತದೆ. ನೇರ ಸಂಪರ್ಕದ ನಲ್ಲಿಗಳನ್ನೆಲ್ಲ ಬಂದ್ ಮಾಡಿ, ಸಂಪಿನ ಬಾಲ್‌ಕಾಕಿನ ಗುಂಡನ್ನು ಮೇಲಕ್ಕೆತ್ತಿ ದಾರದಲ್ಲಿ ಕಟ್ಟಿ, ಹೋಗಿ ಮೀಟರ್ ನೋಡಿ. ಸಣ್ಣ ಚಕ್ರ ಆಗಲೂ ತಿರುಗುತ್ತಿದ್ದರೆ ಮೀಟರಿಗೂ ಸಂಪಿಗೂ ನಡುವೆ ಎಲ್ಲೋ ನೆಲದಡಿ ನೀರು ಹೋಗುತ್ತಿದೆ. ಒಂದು ಮಾತು. ನೀರು ಬಿಟ್ಟ ಮೊದಲ ಕೆಲವು ನಿಮಿಷ ಪೈಪಿನಲ್ಲಿದ್ದ ಗಾಳಿಯೂ ಮೀಟರನ್ನು ತಿರುಗಿಸುತ್ತದೆ. ಆದ್ದರಿಂದ ಧಾರೆ ನಿಂತಾದ ಮೇಲೆ ನೋಡುವುದು ಒಳ್ಳೆಯದು.

ಎರಡನೆಯದು ಸಂಪು. ರಾತ್ರಿ ಹತ್ತಕ್ಕೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಳಗೆ ನೀರು ಬರದಂತೆಯೂ ಮೋಟಾರು ಹಾಕದಂತೆಯೂ ನೋಡಿಕೊಂಡು, ಬೆಳಿಗ್ಗೆ ಆರಕ್ಕೆ ಮತ್ತೆ ನೋಡಿ. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಸಂಪಿನಲ್ಲಿ ಒಂದು ಸೆಂಟಿಮೀಟರ್ ಇಳಿದರೂ 30 ಲೀಟರ್ ಹೋಯಿತು ಎಂದು ಲೆಕ್ಕ.

ಮೂರನೆಯದು ಮೇಲಿನ ತೊಟ್ಟಿ. ಒಂದು ರಾತ್ರಿ ತೊಟ್ಟಿಯ ಕೆಳಗಿನ ವಾಲ್ವು ಮುಚ್ಚಿ ಮಟ್ಟ ನೋಡಬೇಕು, ಇನ್ನೊಂದು ರಾತ್ರಿ ವಾಲ್ವು ತೆಗೆದಿಟ್ಟು ಮನೆಯ ನಲ್ಲಿಗಳನ್ನಷ್ಟೇ ಮುಚ್ಚಿ ನೋಡಬೇಕು. ಮೊದಲ ರಾತ್ರಿ ಇಳಿಯದೆ ಎರಡನೇ ರಾತ್ರಿ ಇಳಿದರೆ ಕಳ್ಳ ಗೋಡೆಯೊಳಗೇ ಇದ್ದಾನೆ, ಇಲ್ಲಾ ಪಾಯಖಾನೆಯ ಫ್ಲಶ್ ತೊಟ್ಟಿಯಲ್ಲಿದ್ದಾನೆ. ಫ್ಲಶ್ಶಿನ ಕಳ್ಳತನ ಹಿಡಿಯಲು ಹಳೇ ಉಪಾಯ ಒಂದಿದೆ. ಉಳಿದ ಕಾಫಿ ಡಿಕಾಕ್ಷನ್ ಒಂದಿಷ್ಟು ಫ್ಲಶ್ ತೊಟ್ಟಿಗೆ ಸುರಿದು ಅರ್ಧ ಗಂಟೆ ಯಾರೂ ಬಳಸದೆ ಬಿಡುವುದು. ಕೆಳಗೆ ಬೇಸಿನ್ನಿನಲ್ಲಿ ಕಂದು ಬಣ್ಣ ಇಳಿದಿದ್ದರೆ ತಳದ ರಬ್ಬರು ಸವೆದಿದೆ. ಡಿಕಾಕ್ಷನ್ ವ್ಯರ್ಥವಾಯಿತೆಂದು ಮನೆಯವರು ಬೈದರೆ ನೀರಿನ ಬಿಲ್ಲು ತೋರಿಸಬಹುದು.

ಚಿಲ್ಲರೆ ಕಾಸಿನ ವಾಷರು

ತಿರುಗಿಸುವ ಹಳೇ ಮಾದರಿ ನಲ್ಲಿ ತೊಟ್ಟಿಕ್ಕಿದರೆ ನೂರಕ್ಕೆ ತೊಂಬತ್ತು ಪಾಲು ವಾಷರಿನ ದೋಷ. ಮೇನ್ ವಾಲ್ವು ಮುಚ್ಚಿ, ನಲ್ಲಿಯ ತಲೆಯನ್ನು ಸ್ಪ್ಯಾನರಿನಲ್ಲಿ ಬಿಚ್ಚಿ, ಕೆಳಗಿನ ಸವೆದ ರಬ್ಬರು ತೆಗೆದು ಹೊಸದು ಕೂರಿಸುವುದು ಹತ್ತು ನಿಮಿಷದ ಕೆಲಸ. ಹೈಸ್ಕೂಲು ಹುಡುಗನೂ ಮಾಡಬಹುದು, ಹುಡುಗಿಯೂ ಮಾಡಬಹುದು. ಹೊಸ ವಾಷರು ಹಾಕಿ ತಿಂಗಳಲ್ಲೇ ಮತ್ತೆ ಸೋರಿದರೆ ಅದು ಕೂರುವ ಪೀಠವೇ ಸವೆದು ಗೀರು ಬಿದ್ದಿದೆ ಎಂದು ತಿಳಿದು ನಲ್ಲಿಯನ್ನೇ ಬದಲಾಯಿಸಬೇಕು. ಜನ ಮಾಡುವುದೇನು? ಇನ್ನೂ ಜೋರಾಗಿ ತಿರುಗಿಸುತ್ತಾರೆ. ಮನೆಯ ಪೈಲ್ವಾನ್ ಯಾರೋ ಅವರು ಬಂದು ಕೊನೆಯ ಸುತ್ತು ತಿರುಗಿಸುತ್ತಾರೆ. ವಾಷರು ಹರಿಯುತ್ತದೆ, ಮರೆ ಸವೆಯುತ್ತದೆ, ಗೋಡೆಯೊಳಗಿನ ಎಲ್ಬೋ ಅಲುಗಾಡುತ್ತದೆ. ಬೆರಳಲ್ಲಿ ಮುಗಿಯಬೇಕಾದ ಕೆಲಸಕ್ಕೆ ಮೊಣಕೈ ಹಾಕಿದ ಫಲ!

ಹಿಡಿಯ ಬುಡದಲ್ಲಿ ನೀರು ಜಿನುಗಿದರೆ ಅದು ವಾಷರಿನದ್ದಲ್ಲ, ಗ್ಲ್ಯಾಂಡಿನದ್ದು. ಅಲ್ಲಿನ ನಟ್ಟು ಅರ್ಧ ಸುತ್ತು ಬಿಗಿ ಮಾಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಇಲ್ಲವೆಂದರೆ ಒಳಗೆ ಒಂದೆರಡು ಸುತ್ತು ದಾರ ಹಾಕಿಸಬೇಕು. ಈಗಿನ ಕಾಲು ಸುತ್ತಿನ ನಲ್ಲಿಗಳಲ್ಲಿ ವಾಷರೇ ಇರುವುದಿಲ್ಲ, ಪಿಂಗಾಣಿಯ ಎರಡು ಬಿಲ್ಲೆ ಒಂದರ ಮೇಲೊಂದು ಜಾರುತ್ತವೆ. ಅದು ಕೆಟ್ಟರೆ ಒಳಗಿನ ಕಾರ್ಟ್ರಿಜ್ಜನ್ನೇ ಪೂರ್ತಿ ಬದಲಾಯಿಸಬೇಕು. ಆದ್ದರಿಂದ ನಲ್ಲಿ ಕೊಳ್ಳುವಾಗಲೇ ಅದರ ಬಿಡಿಭಾಗ ಈ ಊರಲ್ಲಿ ಸಿಗುತ್ತೋ ಇಲ್ಲವೋ ಅಂಗಡಿಯವರನ್ನು ಕೇಳುವುದು ಜಾಣತನ. ಅಂಗಡಿಯವರೂ ಅಷ್ಟೆ, ಸಿಗದ ಮಾಲನ್ನು ಮಾರಿ ಗಿರಾಕಿಯ ಬೈಗುಳ ತಿನ್ನುವ ಬದಲು ಮೊದಲೇ ಹೇಳಿಬಿಡುವುದು ವ್ಯಾಪಾರಕ್ಕೂ ಒಳ್ಳೆಯದು.

ಅಂಗಡಿಯ ಮಾತು ಬಂದಾಗ ಶೋಕಿಯ ಷವರಿನ ವಿಷಯವನ್ನೂ ಹೇಳಬೇಕು. ಷೋರೂಮಿನಲ್ಲಿ ಮಳೆ ಸುರಿದಂತೆ ಸುರಿಯುವ ತಟ್ಟೆಯಗಲದ ಷವರು ಮನೆಗೆ ತಂದರೆ ಮೂಗು ಸೋರಿದಂತೆ ಸೋರುತ್ತದೆ. ಷವರಿನ ತಪ್ಪಲ್ಲ. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಕೊಡುತ್ತದೆ. ಒಂದಂತಸ್ತಿನ ಮನೆಯ ಮೇಲಿರುವ ತೊಟ್ಟಿ ಬಚ್ಚಲಿನ ನಲ್ಲಿಗಿಂತ ಮೂರು ನಾಲ್ಕು ಮೀಟರ್ ಮೇಲಿದ್ದರೆ ಹೆಚ್ಚು. ಅಲ್ಲಿಗೆ ಸಿಗುವ ಒತ್ತಡ ಕಿಲೋದ ಮೂರನೇ ಒಂದು ಪಾಲು! ಸಾಮಾನು ಕೊಳ್ಳುವ ಮುಂಚೆ ತೊಟ್ಟಿಯ ಎತ್ತರ ಅಳೆದುಕೊಂಡು ಹೋಗುವವರು ಮೋಸ ಹೋಗುವುದಿಲ್ಲ.

ತೇಪೆ ಹಾಕುವುದೋ, ಪೂರಾ ಬದಲಾಯಿಸುವುದೋ?

ಹಳೇ ಜಿ.ಐ. ಪೈಪು ಒಂದು ಕಡೆ ತೂತಾದಾಗ ಮನೆಯಲ್ಲಿ ಮಹಾಚರ್ಚೆ ಶುರುವಾಗುತ್ತದೆ. ಮೊದಲ ದಿನ ಸೈಕಲ್ ಟ್ಯೂಬು ಸುತ್ತಿ ತಂತಿ ಕಟ್ಟುತ್ತಾರೆ. ಎರಡನೇ ವಾರ ಎಂ-ಸೀಲ್ ಮೆತ್ತುತ್ತಾರೆ. ತಿಂಗಳೊಪ್ಪತ್ತಿಗೆ ಪ್ಲಂಬರು ಬರುತ್ತಾನೆ. ಪಾನ ಹಾಕಿ ಒಂದು ಜಾಯಿಂಟು ತಿರುಗಿಸುತ್ತಾನೆ, ಅದರ ಅಲುಗಾಟಕ್ಕೆ ಪಕ್ಕದ ಜಾಯಿಂಟು ಬಾಯಿ ಬಿಡುತ್ತದೆ. ಅದನ್ನು ಸರಿ ಮಾಡುವಾಗ ಮೂರನೆಯದು. ಕೊನೆಗೆ, "ಯಜಮಾನ್ರೇ, ಇದು ಕೈ ಹಾಕೋ ಹಾಗಿಲ್ಲ, ಮುಟ್ಟಿದ್ರೆ ಬಿಚ್ಕೋತದೆ" ಎಂದು ಕೈ ಚೆಲ್ಲುತ್ತಾನೆ. ಅವನು ಹೇಳುವುದರಲ್ಲಿ ಸತ್ಯವಿದೆ. ಒಂದೇ ವರ್ಷ, ಒಂದೇ ಅಂಗಡಿಯಿಂದ ತಂದು ಹಾಕಿದ ಪೈಪು ಒಂದು ಕಡೆ ಕೊಳೆತಿದ್ದರೆ ಮಿಕ್ಕ ಕಡೆ ಗಟ್ಟಿ ಇರುವುದು ಅಪರೂಪ. ಎರಡು ವರ್ಷದಲ್ಲಿ ಮೂರು ತೇಪೆ ಬಿದ್ದ ಮನೆಯವರು ನಾಲ್ಕನೇ ತೇಪೆಯ ದುಡ್ಡನ್ನು ಹೊಸ ಲೈನಿಗೆ ಸೇರಿಸುವುದೇ ಲಾಭ.

ಪೂರಾ ಬದಲಾಯಿಸುವುದು ಎಂದಾಕ್ಷಣ ಹಳೇ ಮನೆಯವರ ಎದೆ ಒಡೆಯುವುದು ನೆಲದ ವಿಚಾರಕ್ಕೆ. ಕೆಂಪು ರೆಡ್ ಆಕ್ಸೈಡ್ ನೆಲ, ಅಜ್ಜಿ ಕಾಲದಿಂದ ತಿಕ್ಕಿ ಕನ್ನಡಿಯಾಗಿದೆ. ಅದನ್ನು ಅಗೆದರೆ ಅದೇ ಬಣ್ಣ, ಅದೇ ನುಣುಪು ಮತ್ತೆ ಬರುವುದು ಕಷ್ಟ. ಸಮಾಧಾನದ ಸಂಗತಿ ಏನೆಂದರೆ ಅಗೆಯಲೇಬೇಕೆಂದೇನೂ ಇಲ್ಲ. ಹಳೇ ಪೈಪಿಗೆ ಎರಡೂ ತುದಿ ಬಿರಡೆ ಹಾಕಿ ಗೋಡೆಯಲ್ಲೇ ಮಲಗಲು ಬಿಟ್ಟು, ಹೊಸ ಪೈಪನ್ನು ಹೊರಗೋಡೆಯ ಮೇಲೆ ಕ್ಲಾಂಪು ಹೊಡೆದು ಎಳೆದು, ಬೇಕಾದ ಕಡೆ ಮಾತ್ರ ಗೋಡೆಗೆ ತೂತು ಮಾಡಿ ಒಳಗೆ ತಂದರೆ ಆಯಿತು. ನೋಡಲು ಅಷ್ಟೊಂದು ಅಂದವಿಲ್ಲ, ನಿಜ. ಆದರೆ ನಾಳೆ ಸೋರಿದರೆ ಕಣ್ಣಿಗೆ ಕಾಣುತ್ತದೆ, ಗೋಡೆ ಒಡೆಯದೆ ರಿಪೇರಿಯಾಗುತ್ತದೆ. ಅಂದ ಬೇಕೋ ನೆಮ್ಮದಿ ಬೇಕೋ ಅವರವರೇ ತೀರ್ಮಾನಿಸಲಿ.

ಯಾವ ಪೈಪು? ಈಗ ಮನೆಗಳಿಗೆ ಹೆಚ್ಚಾಗಿ ಬರುತ್ತಿರುವುದು ಪ್ಲಾಸ್ಟಿಕ್ಕಿನಲ್ಲಿ ಎರಡು ಜಾತಿ. ಬಿಳಿಯ ಯು.ಪಿ.ವಿ.ಸಿ. ತಣ್ಣೀರಿಗೆ ಸರಿ, ಬಿಸಿನೀರಿಗೆ ಆಗಿಬರುವುದಿಲ್ಲ, ಮೆತ್ತಗಾಗುತ್ತದೆ. ಕೆನೆಬಣ್ಣದ ಸಿ.ಪಿ.ವಿ.ಸಿ. ಎರಡಕ್ಕೂ ಆಗುತ್ತದೆ. ಅದರ ಮೇಲೆ ಐ.ಎಸ್. 15778 ಎಂಬ ಗುರುತು ಇರಬೇಕು, ಓದಿ ನೋಡಿ ಕೊಳ್ಳಬೇಕು. ಇದರಲ್ಲಿ ತುಕ್ಕಿನ ಪ್ರಶ್ನೆಯೇ ಇಲ್ಲ. ಆದರೆ ಪ್ಲಾಸ್ಟಿಕ್ಕಿಗೂ ಅದರದೇ ಚಾಳಿಗಳಿವೆ. ಬಿಸಿಗೆ ಉದ್ದವಾಗುತ್ತದೆ. ಮೂರು ಮೀಟರಿನ ಸಿ.ಪಿ.ವಿ.ಸಿ. ಪೈಪು 40 ಡಿಗ್ರಿ ಬಿಸಿ ಏರಿದರೆ ಸುಮಾರು 8 ಮಿಲಿಮೀಟರ್ ಬೆಳೆಯುತ್ತದೆ. ಎರಡೂ ತುದಿ ಬಿಗಿಯಾಗಿ ಸಿಮೆಂಟಿನಲ್ಲಿ ಹಿಡಿದುಬಿಟ್ಟರೆ ಅದು ಬೆಳೆಯಲು ಜಾಗವಿಲ್ಲದೆ ಜಾಯಿಂಟನ್ನು ಒಡೆಯುತ್ತದೆ. ಸೋಲಾರ್ ನೀರಿನ ಮನೆಗಳಲ್ಲಿ ಜಾಯಿಂಟು ಬಿಡುವುದಕ್ಕೆ ಇದೂ ಒಂದು ಕಾರಣ. ಬಿಸಿಲಿಗೆ ಬಿದ್ದ ಪೈಪಿಗೆ ನೀರು ಬೆರೆಸುವ ಬಣ್ಣ ಹೊಡೆಸಬೇಕು, ಇಲ್ಲವೆಂದರೆ ವರ್ಷಗಳಲ್ಲಿ ಪೆಡಸಾಗುತ್ತದೆ.

ಇನ್ನು ಅಂಟು ಹಚ್ಚುವ ಶಾಸ್ತ್ರ. ತುದಿಯನ್ನು ನೇರ ಕತ್ತರಿಸಿ, ಹುಡಿ ಒರೆಸಿ, ಒದ್ದೆ ಇಲ್ಲದಂತೆ ನೋಡಿ, ಪೈಪಿಗೂ ಒಳಬಾಯಿಗೂ ತೆಳುವಾಗಿ ಹಚ್ಚಿ, ತಳ್ಳಿ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಅದುಮಿ ಹಿಡಿಯಬೇಕು. ಆಮೇಲೆ ಒಂದು ದಿನವಾದರೂ ಅದಕ್ಕೆ ನೀರಿನ ಒತ್ತಡ ಕೊಡಬಾರದು. ನಮ್ಮ ಕಡೆ ಸಾಯಂಕಾಲ ಅಂಟು ಹಚ್ಚಿ ಕತ್ತಲಾಗುವುದರೊಳಗೆ ನೀರು ಬಿಡುತ್ತಾರೆ, ಯಾಕೆಂದರೆ ಮನೆಯಲ್ಲಿ ಸ್ನಾನ ಆಗಿಲ್ಲ, ಮುಸುರೆ ಬಿದ್ದಿದೆ. ಒಂದು ದಿನ ನೆಂಟರ ಮನೆ ಬಚ್ಚಲು ಬಳಸಿದರೆ ಮುಂದಿನ ಹತ್ತು ವರ್ಷದ ತಲೆನೋವು ತಪ್ಪುತ್ತದೆ.

ಪೈಪಿನ ಜತೆ ಅರ್ತೂ ಹೋಯಿತು!

ಇದನ್ನು ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಬೇಕು. ಹಳೇ ಕಾಲದಲ್ಲಿ ಮನೆಗೆ ಕರೆಂಟು ಎಳೆಯುವಾಗ ಪ್ರತ್ಯೇಕ ಅರ್ತ್ ಗುಂಡಿ ತೋಡುವ ಗೋಜಿಗೆ ಹೋಗದೆ ಅರ್ತ್ ತಂತಿಯನ್ನು ನೀರಿನ ಜಿ.ಐ. ಪೈಪಿಗೆ ಸುತ್ತಿಬಿಡುವ ರೂಢಿ ಬಹಳ ಕಡೆ ಇತ್ತು. ಕಬ್ಬಿಣದ ಪೈಪು ನೆಲದೊಳಗೆ ಹೋಗಿರುತ್ತಿದ್ದುದರಿಂದ ಹೇಗೋ ಕೆಲಸ ನಡೆಯುತ್ತಿತ್ತು. ಈಗ ಅಂಥ ಮನೆಯಲ್ಲಿ ಪ್ಲಂಬರು ಬಂದು ಜಿ.ಐ. ಕಿತ್ತು ಪ್ಲಾಸ್ಟಿಕ್ ಹಾಕಿ ಹೋಗುತ್ತಾನೆ. ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಮನೆಗೆ ಮನೆಯೇ ಅರ್ತ್ ಇಲ್ಲದ್ದಾಯಿತು, ಯಾರಿಗೂ ಗೊತ್ತೇ ಆಗಲಿಲ್ಲ! ಪ್ಲಂಬರಿಗೆ ಕರೆಂಟಿನ ವಿಷಯ ಬೇಡ, ಎಲೆಕ್ಟ್ರಿಷಿಯನ್ನನ್ನು ಯಾರೂ ಕರೆದಿಲ್ಲ.

ಮುಂದೆ ಗೀಸರಿನ ಕಾಯಿಲ್ಲು ಕೆಟ್ಟು ಒಳಗೆ ಕರೆಂಟು ಸೋರಿತು ಎನ್ನಿ. ಮೊದಲಾಗಿದ್ದರೆ ಅದು ನೆಲಕ್ಕೆ ಇಳಿದು ಫ್ಯೂಸು ಹೋಗುತ್ತಿತ್ತು. ಈಗ ಒದ್ದೆ ಮೈಯಲ್ಲಿ ನಲ್ಲಿ ಮುಟ್ಟಿದವರ ಮೂಲಕ ಇಳಿಯುತ್ತದೆ. ಸ್ನಾನಕ್ಕೆ ಹೋದವರು ಹೊರಗೆ ಬರುವುದಿಲ್ಲ. ಪೈಪು ಅರ್ಧ ಮಾತ್ರ ಬದಲಾಯಿಸಿದ ಮನೆಯಲ್ಲಿ ಅಪಾಯ ಇನ್ನೂ ಹೆಚ್ಚು. ಅರ್ತ್ ತಂತಿ ಕಟ್ಟಿದ ಕಬ್ಬಿಣದ ತುಂಡು ಎರಡೂ ಕಡೆ ಪ್ಲಾಸ್ಟಿಕ್ಕಿನ ನಡುವೆ ಸಿಕ್ಕಿಕೊಂಡು, ಎಲ್ಲೋ ಒಂದು ಯಂತ್ರ ಕೆಟ್ಟರೆ ಬಚ್ಚಲಿನ ನಲ್ಲಿಗೇ ಕರೆಂಟು ಬಂದು ನಿಲ್ಲುತ್ತದೆ.

ಆದ್ದರಿಂದ ಹಳೇ ಮನೆಯ ಪೈಪಿಗೆ ಕೈ ಹಾಕುವ ಮುಂಚೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ತ್ ತಂತಿ ಎಲ್ಲಿಗೆ ಹೋಗಿದೆ ಎಂದು ನೋಡಿಸಬೇಕು. ಪೈಪಿಗೆ ಹೋಗಿದ್ದರೆ ಮೊದಲು ಪ್ರತ್ಯೇಕ ಅರ್ತ್ ಗುಂಡಿ, ಆಮೇಲೆ ಪೈಪಿನ ಕೆಲಸ. ಜತೆಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚನ್ನು ಹಾಕಿಸಿದರೆ ಕರೆಂಟು ಸೋರಿದ ತಕ್ಷಣ ಅದು ತಾನೇ ಕಟ್ ಮಾಡುತ್ತದೆ. ಹೊಸ ಷವರಿಗೆ ಸಾವಿರಗಟ್ಟಲೆ ಸುರಿಯುವವರು ಇದಕ್ಕೆ ಹಿಂದೆ ಮುಂದೆ ನೋಡುವುದು ಯಾವ ನ್ಯಾಯ?

ಗೀಸರಿನದ್ದೇ ಇನ್ನೊಂದು ಮಾತು. ತೊಟ್ಟಿ ಇರುವ ಗೀಸರಿನ ಕೆಳಗಿನ ಸೇಫ್ಟಿ ವಾಲ್ವಿನಿಂದ ನೀರು ಕಾಯುವಾಗ ನಾಲ್ಕು ಹನಿ ಬಿದ್ದರೆ ಗಾಬರಿ ಬೇಡ. ಕಾದ ನೀರು ಹಿಗ್ಗಿ ಹೊರಗೆ ಬರುವ ದಾರಿ ಅದು. ಸೋರುತ್ತದೆಂದು ಅದಕ್ಕೆ ಬಿರಡೆ ಜಡಿಯುವ ಮಹಾನುಭಾವರಿದ್ದಾರೆ. ಅದು ಬಾಂಬಿಗೆ ಬತ್ತಿ ಇಟ್ಟ ಹಾಗೆ.

ಚರಂಡಿ ದಾಟುವ ಪೈಪು

ಹಳೇ ಬೀದಿಗಳಲ್ಲಿ ಮನೆಮುಂದಿನ ಚರಂಡಿಗೆ ಇಣುಕಿ ನೋಡಿ. ಬೀದಿಯ ಮೇನಿನಿಂದ ಮನೆಗೆ ಬರುವ ಅರ್ಧ ಇಂಚಿನ ಪೈಪು ಚರಂಡಿಯ ಅಡ್ಡ ಹಾದು, ಕೊಳಚೆಯಲ್ಲಿ ಮುಳುಗಿ, ತುಕ್ಕು ಹಿಡಿದು ಕಪ್ಪಾಗಿರುತ್ತದೆ. ನೀರು ಬರುವ ಹೊತ್ತಿನಲ್ಲಿ ಒಳಗಿನ ಒತ್ತಡ ಇರುವುದರಿಂದ ತೂತಿದ್ದರೂ ನೀರು ಹೊರಗೆ ಹೋಗುತ್ತದೆ. ನೀರು ನಿಂತ ಮೇಲೆ ಪೈಪು ಖಾಲಿ. ಆಗ ಅದೇ ತೂತಿನಿಂದ ಕೊಳಚೆ ಒಳಗೆ ಬರುತ್ತದೆ. ಮಾರನೇ ಸಲ ನೀರು ಬಿಟ್ಟಾಗ ಮೊದಲು ಸಂಪಿಗೆ ಬೀಳುವುದು ಅದೇ. ಇದರ ಮೇಲೆ ಕೆಲವರು ಬೀದಿಯ ಲೈನಿಗೇ ಮೋಟಾರು ಹಚ್ಚಿ ನೀರೆಳೆಯುತ್ತಾರೆ. ನಿಯಮಕ್ಕೆ ವಿರುದ್ಧ, ನೆರೆಯವರಿಗೆ ದ್ರೋಹ ಎಂಬುದು ಒಂದು ಕಡೆಗಿರಲಿ, ಹಾಗೆ ಎಳೆದಾಗ ಸಂದುಗೊಂದಿನ ಕೊಳಚೆಯನ್ನೂ ಸೇರಿಸಿ ಎಳೆದು ತಮ್ಮ ಮಕ್ಕಳಿಗೇ ಕುಡಿಸಿದಂತಾಗುತ್ತದೆ.

ಇದು ಹೆದರಿಸುವ ಮಾತಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಪ್ರಾಣಗಳೂ ಹೋದವು. ಅಲ್ಲಿನ ಕಥೆ ಸರ್ಕಾರದ ಹೊಣೆಗಾರಿಕೆಯ ಕಥೆ. ಆದರೆ ತನ್ನ ಮನೆಯ ಪೈಪು ಚರಂಡಿಯಲ್ಲಿ ಕೊಳೆಯುತ್ತಿರುವುದನ್ನು ಕಂಡೂ ಸುಮ್ಮನಿರುವ ಯಜಮಾನ ಬೇರೆಯವರನ್ನು ಬೈಯುವ ಮುಂಚೆ ಒಂದು ಅರ್ಜಿಯನ್ನಾದರೂ ಬರೆಯಬೇಕು. ಬೀದಿ ಕಡೆಯ ಕೆಲಸಕ್ಕೆ ನೀರಿನ ಕಚೇರಿಯ ಅನುಮತಿ ಬೇಕು. ಪೈಪನ್ನು ಚರಂಡಿಯ ತಳಕ್ಕಿಂತ ಕೆಳಗಾಗಲಿ ಮೇಲಿನ ಅಂಚಿನಲ್ಲಾಗಲಿ ದಾಟಿಸಿ, ಹೊರಗೊಂದು ದಪ್ಪ ಪೈಪಿನ ಕವಚ ಹಾಕಿಸುವುದು ಸರಿಯಾದ ಕ್ರಮ. ನೀರು ಬಂದ ಮೊದಲ ಎರಡು ಮೂರು ನಿಮಿಷದ್ದನ್ನು ಸಂಪಿಗೆ ಬಿಡದೆ ಗಿಡಕ್ಕೆ ಬಿಡುವ ಅಭ್ಯಾಸ ಹಳೇ ಮನೆಗಳಲ್ಲಿ ಇತ್ತು. ಆ ಅಜ್ಜಿಯರು ಸುಮ್ಮನೆ ಮಾಡಿದ್ದಲ್ಲ.

ಸಂಪು ತೊಳೆಯುವವರ ಗಮನಕ್ಕೆ ಒಂದು ವಿಷಯ. ಬಹಳ ದಿನ ಮುಚ್ಚಿದ್ದ ಸಂಪಿನ ಬಾಯಿ ತೆಗೆದ ಕೂಡಲೇ ಇಳಿಯಬಾರದು. ಒಳಗೆ ಉಸಿರಾಡುವ ಗಾಳಿ ಇಲ್ಲದಿರಬಹುದು. ಇಳಿದವನು ಕುಸಿದ, ಎತ್ತಲು ಹೋದವನೂ ಕುಸಿದ ಎಂಬ ಸುದ್ದಿ ಎಷ್ಟು ಸಲ ಅಚ್ಚಾಗಿಲ್ಲ? ಗಂಟೆಗಟ್ಟಲೆ ಮುಚ್ಚಳ ತೆಗೆದಿಟ್ಟು, ಒಳಗಿನ ಪಂಪಿನ ಮೇನ್ ಸ್ವಿಚ್ ತೆಗೆದು, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೊಬ್ಬ ನಿಂತು, ಆಮೇಲೆ ಇಳಿಯಬೇಕು. ಮೇಲಿಂದಲೇ ಉದ್ದ ಪೊರಕೆಯಲ್ಲಿ ಆಗುವುದಾದರೆ ಇಳಿಯದಿರುವುದೇ ವಾಸಿ.

ವಾಲ್ವು ಎಲ್ಲಿದೆ, ಗೊತ್ತೆ?

ಇಷ್ಟೆಲ್ಲ ಓದಿದವರು ಮನೆಗೆ ಹೋಗಿ ಒಂದೇ ಒಂದು ಪ್ರಶ್ನೆ ಕೇಳಲಿ. ನಡುರಾತ್ರಿ ಪೈಪು ಒಡೆದರೆ ಮುಚ್ಚಬೇಕಾದ ವಾಲ್ವು ಯಾವುದು, ಎಲ್ಲಿದೆ? ಬಹುತೇಕ ಮನೆಗಳಲ್ಲಿ ಅದು ತಾರಸಿಯ ಮೇಲೆ, ತೊಟ್ಟಿಯ ಹಿಂದೆ, ಹಳೇ ಟಯರು ಮತ್ತು ಒಡೆದ ಕುರ್ಚಿಯ ಅಡಿಯಲ್ಲಿರುತ್ತದೆ. ಹತ್ತು ವರ್ಷ ಯಾರೂ ಮುಟ್ಟದೆ ತುಕ್ಕು ಹಿಡಿದು, ತಿರುಗಿಸಿದರೆ ಹಿಡಿಯೇ ಕೈಗೆ ಬರುತ್ತದೆ. ಗೇಟ್ ವಾಲ್ವನ್ನು ಮೂರು ತಿಂಗಳಿಗೊಮ್ಮೆ ಮುಚ್ಚಿ ತೆಗೆದರೆ ಅದು ಜೀವಂತ ಇರುತ್ತದೆ. ಬದಲಾಯಿಸುವುದಾದರೆ ಕಾಲು ಸುತ್ತಿನ ಬಾಲ್ ವಾಲ್ವು ಹಾಕಿಸಿದರೆ ವಯಸ್ಸಾದವರ ಕೈಗೂ ಹಗುರ. ಬಚ್ಚಲಿಗೊಂದು, ಅಡಿಗೆಮನೆಗೊಂದು ಪ್ರತ್ಯೇಕ ವಾಲ್ವು ಇದ್ದರೆ ಒಂದು ಕಡೆಯ ರಿಪೇರಿಗೆ ಇಡೀ ಮನೆ ಬಾಯಾರಬೇಕಿಲ್ಲ. ಯಾವುದು ಯಾವ ಕಡೆಯದ್ದು ಎಂದು ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿಡಬೇಕು, ಮನೆಯ ಹೆಂಗಸರು ಮಕ್ಕಳಿಗೆ ತೋರಿಸಿಡಬೇಕು. ಪೈಪು ಒಡೆಯುವುದು ಯಜಮಾನರು ಆಫೀಸಿಗೆ ಹೋದಾಗಲೇ ತಾನೆ!

ದಸರಾಕ್ಕೆ ನೆಂಟರು ಬರುವ ಊರು ಇದು. ನವರಾತ್ರಿಯ ಹಿಂದಿನ ವಾರ ಪ್ಲಂಬರನ್ನು ಹುಡುಕಿದರೆ ಸಿಗುವುದಿಲ್ಲ, ಸಿಕ್ಕರೂ ಹೇಳಿದ ರೇಟು ಕೊಡಬೇಕು. ಮಳೆಗಾಲ ಶುರುವಾಗುವ ಮುಂಚೆ, ಗೋಡೆ ಒಣಗಿರುವಾಗ ಮಾಡಿಸಿದರೆ ತೇವ ಎಲ್ಲಿಂದ ಬರುತ್ತಿದೆ ಎಂಬುದೂ ಸ್ಪಷ್ಟವಾಗಿ ಕಾಣುತ್ತದೆ. ಕೆಲಸ ಮುಗಿದ ದಿನ, ಗೋಡೆ ಮುಚ್ಚುವ ಮೊದಲು, ಪೈಪು ಎಲ್ಲೆಲ್ಲಿ ಹೋಗಿದೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ ನಾಳೆ ಕ್ಯಾಲೆಂಡರಿಗೆ ಮೊಳೆ ಹೊಡೆಯುವಾಗ ಪೈಪಿಗೆ ಹೊಡೆಯುವುದು ತಪ್ಪುತ್ತದೆ. ಮತ್ತೆ, ಮನೆಗೆ ಬೀಗ ಹಾಕಿ ತಿರುಪತಿಗೋ ಮಗಳ ಮನೆಗೋ ಹೊರಟಾಗ ಗ್ಯಾಸು ಮುಚ್ಚಿದೆಯಾ, ಸ್ವಿಚ್ಚು ತೆಗೆದಿದೆಯಾ ಎಂದು ನೋಡುವ ಜತೆಗೆ ತೊಟ್ಟಿಯ ವಾಲ್ವನ್ನೂ ಮುಚ್ಚಿ ಹೋಗುವುದು.